ನೆಲದಡಿಯ ಬಿಸಿ: ಇಡೀ ಮನೆಗೋ, ಹೊಸ ಕೋಣೆಗೆ ಮಾತ್ರವೋ?

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1930ರ ದಶಕದ ಮನೆಯೊಂದನ್ನು ಕೊಂಡಿದ್ದೇವೆ. ಹಿತ್ತಿಲ ಕಡೆಗೆ ಅಡುಗೆ ಮತ್ತು ಊಟಕ್ಕೆಂದು 24 ಚದರ ಮೀಟರಿನ ಕೋಣೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದೇವೆ. ಹೇಗೂ ಕೆಲಸ ನಡೆಯುತ್ತಿರುವುದರಿಂದ ಮನೆಯ ಮುಂಭಾಗದ ಎರಡು ಹಳೆಯ ಕೋಣೆಗಳಿಗೂ ಸೇರಿಸಿ ಅಂಡರ್‌ಫ್ಲೋರ್ ಹೀಟಿಂಗ್ ಹಾಕಿಸಿಕೊಳ್ಳಿ ಎಂದು ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಶಿವಮೊಗ್ಗದಿಂದ ಬರುವ ನಮ್ಮ ಅತ್ತೆಯವರಿಗೆ ನೆಲದ ಮೇಲೆ ಕುಳಿತೇ ತರಕಾರಿ ಹೆಚ್ಚುವ ಅಭ್ಯಾಸವಿದ್ದು, ಇಲ್ಲಿಯ ತಣ್ಣನೆಯ ನೆಲ ಅವರಿಗೆ ಆಗುವುದಿಲ್ಲ. ಈಗ ಗ್ಯಾಸ್ ಬಾಯ್ಲರ್ ಇದೆ. ಮುಂದೆ ಹೀಟ್ ಪಂಪ್ (ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಶಾಖ ಹೀರಿ ಮನೆಗೆ ಕೊಡುವ ವಿದ್ಯುತ್ ಯಂತ್ರ) ಹಾಕಿಸುವ ಯೋಚನೆಯಿದೆ. ಕಂಟ್ರಾಕ್ಟರ್ ಮಾತನ್ನು ಒಪ್ಪಬಹುದೇ? ನೆಲದೊಳಗಿನ ಪೈಪು ಸೋರಿದರೆ ಏನು ಗತಿ?
– ಓದುಗರೊಬ್ಬರು, ಲೀಡ್ಸ್

ಉತ್ತರ: ಹೊಸ ಕೋಣೆಗೆ ಖಂಡಿತ ಹಾಕಿಸಿ. ಹಳೆಯ ಕೋಣೆಗಳ ನೆಲವನ್ನು ಇದೊಂದೇ ಕಾರಣಕ್ಕೆ ಕೀಳಿಸಬೇಡಿ ಎಂಬುದು ನನ್ನ ಅಭಿಪ್ರಾಯ.

ಈ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಕಾಯಿಸಿದ ನೀರು ನೆಲದೊಳಗಿನ ಪ್ಲಾಸ್ಟಿಕ್ ಪೈಪುಗಳಲ್ಲಿ ಹರಿಯುತ್ತದೆ. ಇನ್ನೊಂದರಲ್ಲಿ ಟೈಲ್ಸ್ ಕೆಳಗೆ ಹಾಸಿದ ವಿದ್ಯುತ್ ತಂತಿ ಬಿಸಿಯಾಗುತ್ತದೆ. ತಂತಿಯದನ್ನು ಕೂರಿಸುವ ಖರ್ಚು ಕಡಿಮೆ. ಆದರೆ ಬ್ರಿಟನ್ನಿನಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಗ್ಯಾಸಿನ ಯೂನಿಟ್ ಬೆಲೆಯ ಸುಮಾರು ನಾಲ್ಕು ಪಟ್ಟು ಇರುವುದರಿಂದ, ದಿನವಿಡೀ ಬಳಕೆಯಲ್ಲಿರುವ ಅಡುಗೆಮನೆಗೆ ಅದು ದುಬಾರಿಯಾಗುತ್ತದೆ. ಚಿಕ್ಕದೊಂದು ಬಚ್ಚಲುಮನೆಗಾದರೆ ಅಡ್ಡಿಯಿಲ್ಲ. ಆದ್ದರಿಂದ ನಿಮ್ಮ ಮಟ್ಟಿಗೆ ನೀರಿನ ವ್ಯವಸ್ಥೆಯ ಬಗ್ಗೆಯಷ್ಟೇ ಹೇಳುತ್ತೇನೆ.

ಮೊದಲು ನೋಡಬೇಕಾದದ್ದು, ಕಡುಚಳಿಯ ದಿನ ಕೋಣೆಯಿಂದ ಎಷ್ಟು ಶಾಖ ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಜನ ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂದು ಯುರೋಪಿನ ಇಎನ್ 1264 ಮಾನದಂಡ ವಿಧಿಸುತ್ತದೆ. ಕೋಣೆ 20 ಡಿಗ್ರಿಯಲ್ಲಿದ್ದಾಗ ಈ ಮಿತಿಯೊಳಗೆ ಒಂದು ಚದರ ಮೀಟರ್ ನೆಲದಿಂದ ಸಿಗುವುದು ಹೆಚ್ಚೆಂದರೆ 100 ವ್ಯಾಟ್. ಈಗಿನ ನಿಯಮದಂತೆ ಗೋಡೆ, ಚಾವಣಿ, ನೆಲಗಳಿಗೆ ಇನ್ಸುಲೇಶನ್ (ಶಾಖ ತಡೆಯುವ ಪದರ) ತುಂಬಿ ಕಟ್ಟುವ ನಿಮ್ಮ ಹೊಸ ಕೋಣೆಗೆ ಇದರ ಅರ್ಧದಷ್ಟು ಸಿಕ್ಕರೂ ಸಾಕಾಗುತ್ತದೆ. ಅಂದರೆ ನೆಲ 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಲುತ್ತದೆ. ಹಳೆಯ ಕೋಣೆಗಳ ಮಾತು ಬೇರೆ. ಆ ಕಾಲದ ಜೋಡಿಗೋಡೆಗಳ ನಡುವಿನ ಸಂದು ಖಾಲಿಯಿದ್ದು, ಮುಂಭಾಗದಲ್ಲಿ ದೊಡ್ಡ ಬೇ ಕಿಟಕಿಯೂ ಇದ್ದರೆ, ನೆಲವನ್ನು ಮಿತಿಯ ತುದಿಯವರೆಗೆ ಕಾಯಿಸಿದರೂ ಕೋಣೆ ಬೆಚ್ಚಗಾಗದೆ ಕೊನೆಗೆ ಗೋಡೆಗೆ ಕೂರಿಸಿದ ಬಿಸಿನೀರಿನ ರೇಡಿಯೇಟರ್ ಉಳಿಸಿಕೊಳ್ಳಬೇಕಾದೀತು. ಅಂಥಲ್ಲಿ ಅದೇ ಹಣವನ್ನು ಗೋಡೆಯ ಸಂದು ತುಂಬಿಸುವುದಕ್ಕೂ ದೊಡ್ಡ ರೇಡಿಯೇಟರುಗಳಿಗೂ ಬಳಸುವುದು ಲೇಸು.

ಇನ್ನು ನೆಲದ ರಚನೆ. ಹೊಸ ಕೋಣೆಯಲ್ಲಿ ಕಾಂಕ್ರೀಟಿನ ಮೇಲೆ 100ರಿಂದ 150 ಮಿಲಿಮೀಟರ್ ಇನ್ಸುಲೇಶನ್, ಅದರ ಮೇಲೆ ಪೈಪು, ಪೈಪನ್ನು ಮುಚ್ಚುವ 65ರಿಂದ 75 ಮಿಲಿಮೀಟರಿನ ಸಿಮೆಂಟ್ ಸ್ಕ್ರೀಡ್ (ಮರಳು-ಸಿಮೆಂಟಿನ ಗಾರೆಯ ಪದರ), ಆಮೇಲೆ ಟೈಲ್ಸ್ ಬರುತ್ತವೆ. ಪಾಯ ತೋಡುವಾಗಲೇ ಇಷ್ಟು ಆಳ ಲೆಕ್ಕಕ್ಕೆ ತೆಗೆದುಕೊಂಡರೆ ಹೆಚ್ಚಿನ ಖರ್ಚು ಬರುವುದಿಲ್ಲ. ಆ ಕಾಲದ ಮನೆಗಳ ಮುಂದಿನ ಕೋಣೆಗಳಲ್ಲಾದರೋ ಸಾಮಾನ್ಯವಾಗಿ ಇರುವುದು ತೊಲೆಗಳ ಮೇಲಿನ ಹಲಗೆ ನೆಲ, ಅದರ ಕೆಳಗೆ ಗಾಳಿಯಾಡುವ ಟೊಳ್ಳು. ಹಲಗೆ ಕಿತ್ತು, ತೊಲೆಗಳ ನಡುವೆ ಇನ್ಸುಲೇಶನ್ ತೂಗಿಸಿ, ಶಾಖ ಹರಡುವ ಲೋಹದ ತಗಡುಗಳಲ್ಲಿ ಪೈಪು ಕೂರಿಸಬಹುದು, ನಿಜ; ಆದರೆ ಹೊರಗೋಡೆಯ ಗಾಳಿಗಿಂಡಿಗಳನ್ನು ಯಾರಾದರೂ ಮುಚ್ಚಿಬಿಟ್ಟರೆ ತೊಲೆಗಳು ತೇವ ಹಿಡಿದು ಕೊಳೆಯುತ್ತವೆ. ಈ ಮಾತನ್ನು ಕಂಟ್ರಾಕ್ಟರ್ ತಾವಾಗಿಯೇ ಎತ್ತುತ್ತಾರೋ ಇಲ್ಲವೋ ಎಂಬುದರಿಂದಲೇ ಅವರ ಅನುಭವವನ್ನು ಅಳೆಯಬಹುದು.

ಹೀಟ್ ಪಂಪ್ ಹಾಕಿಸುವ ಯೋಚನೆ ನಿಮ್ಮ ಹೊಸ ನೆಲಕ್ಕೆ ಅನುಕೂಲಕರವಾಗಿದೆ. ನೆಲದ ಪೈಪುಗಳಿಗೆ 35ರಿಂದ 45 ಡಿಗ್ರಿಯ ನೀರು ಸಾಕು. ಕೊಡಬೇಕಾದ ನೀರಿನ ಬಿಸಿ ಕಡಿಮೆಯಾದಷ್ಟೂ ಹೀಟ್ ಪಂಪ್ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಶಾಖ ಕೊಡುತ್ತದೆ. ಹಾಗೆಂದು ಹೀಟ್ ಪಂಪಿಗೆ ನೆಲದ ಪೈಪೇ ಬೇಕೆಂದಿಲ್ಲ. ಅಳತೆ ಸರಿಯಿದ್ದರೆ ರೇಡಿಯೇಟರುಗಳೊಂದಿಗೂ ಅದು ಚೆನ್ನಾಗಿ ನಡೆಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮಿನಡಿ ಏರ್ ಸೋರ್ಸ್ (ಗಾಳಿಯಿಂದ ಶಾಖ ಪಡೆಯುವ) ಹೀಟ್ ಪಂಪಿಗೆ 2023ರ ಅಕ್ಟೋಬರಿನಿಂದ 7,500 ಪೌಂಡ್ ಸಹಾಯಧನ ನಿಗದಿಯಾಗಿದೆ. ಷರತ್ತುಗಳನ್ನು ಅರ್ಜಿಗೆ ಮೊದಲೇ ನೋಡಿಕೊಳ್ಳಿ.

ಸೋರಿಕೆಯ ಭಯ ಸಹಜವಾದರೂ ಅಷ್ಟು ಹೆದರಬೇಕಾಗಿಲ್ಲ. ಪೈಪಿನ ಪ್ರತಿಯೊಂದು ಸುತ್ತೂ ನೆಲದೊಳಗೆ ಎಲ್ಲಿಯೂ ಜೋಡಣೆಯಿಲ್ಲದ ಒಂದೇ ಪೈಪಾಗಿರಬೇಕು. ಎಲ್ಲ ಜೋಡಣೆಗಳೂ ಗೋಡೆಯ ಮೇಲಿನ ಮ್ಯಾನಿಫೋಲ್ಡಿನಲ್ಲಿ (ಸುತ್ತುಗಳಿಗೆ ನೀರು ಹಂಚುವ ಕವಲುಕೊಳವೆ) ಕಣ್ಣಿಗೆ ಕಾಣುವಂತಿರಬೇಕು. ಸ್ಕ್ರೀಡ್ ಹಾಕುವ ಮೊದಲು ಪೈಪಿಗೆ ಒತ್ತಡ ತುಂಬಿ ಪರೀಕ್ಷಿಸಿ, ಹಾಕುವಾಗಲೂ ಒತ್ತಡವನ್ನು ಹಾಗೆಯೇ ಇಡಿಸಿ. ಪೈಪಿನ ದಾರಿ ಕಾಣುವಂತೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆಂದೋ ಬಡಗಿ ಹೊಸ್ತಿಲಿಗೆ ಸ್ಕ್ರೂ ಹಾಕಲು ಡ್ರಿಲ್ ಹಿಡಿದಾಗ ಅದು ಬೇಕಾಗುತ್ತದೆ. ಅಡುಗೆಮನೆಯ ಕಪಾಟುಗಳ ಕೆಳಗೆ ಪೈಪು ಬೇಡ. ಸಿಮೆಂಟ್ ಸ್ಕ್ರೀಡ್ ಹಾಕಿದ 21 ದಿನಗಳವರೆಗೆ ಬಿಸಿನೀರು ಹರಿಸಬಾರದು. ಆಮೇಲೆ ಕೂಡ ಮೊದಲ ಮೂರು ದಿನ 25 ಡಿಗ್ರಿಯ ಆಸುಪಾಸಿನಲ್ಲಿಟ್ಟು ನಿಧಾನವಾಗಿ ಏರಿಸಬೇಕು. ಮನೆ ಸೇರುವ ಅವಸರದಲ್ಲಿ ಜನ ತಪ್ಪುವುದು ಇಲ್ಲಿಯೇ. ಫಲವಾಗಿ ಸ್ಕ್ರೀಡ್ ಬಿರುಕು ಬಿಡುತ್ತದೆ.

ಅತ್ತೆಯವರಿಗೆ ಒಂದು ಮಾತನ್ನು ಮೊದಲೇ ತಿಳಿಸಿಬಿಡಿ: ಈ ನೆಲ ಒಲೆಯ ಕಟ್ಟೆಯಂತೆ ಬಿಸಿಯಾಗಿರುವುದಿಲ್ಲ. 25 ಡಿಗ್ರಿಯ ಟೈಲ್ಸ್ ನಮ್ಮ ಅಂಗಾಲಿಗಿಂತ ತಣ್ಣಗೇ ಇರುತ್ತದೆ. ಚುಚ್ಚುವ ತಂಪು ಇಲ್ಲವೆಂಬುದಷ್ಟೇ ಅನುಭವಕ್ಕೆ ಬರುತ್ತದೆ. ಕುಳಿತುಕೊಳ್ಳಲು ತೆಳುವಾದ ಚಾಪೆ ಅಥವಾ ಜಮಖಾನೆ ಹಾಸಬಹುದು, ದಪ್ಪ ಕಾರ್ಪೆಟ್ ಹಾಸಿದರೆ ಶಾಖ ಕೆಳಗೇ ಉಳಿಯುತ್ತದೆ. ಸ್ಕ್ರೀಡ್ ಕಾಯಲು ಗಂಟೆಗಟ್ಟಲೆ ಹಿಡಿಯುವುದರಿಂದ ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ಆರಿಸುವ ರೂಢಿಯೂ ಇದಕ್ಕೆ ಹೊಂದದು; ರಾತ್ರಿ ಥರ್ಮೋಸ್ಟಾಟನ್ನು ಎರಡು ಮೂರು ಡಿಗ್ರಿ ಇಳಿಸಿದರೆ ಸಾಕು.

ಪ್ರಶ್ನೆ: ಮಡಿಕೇರಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮಳೆಗಾಲ, ಚಳಿಗಾಲಗಳಲ್ಲಿ ಗ್ರಾನೈಟ್ ನೆಲ ಕೊರೆಯುತ್ತದೆ. ನಮಗೂ ಈ ವ್ಯವಸ್ಥೆ ತಕ್ಕುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಬೇಡ. ನಿಮ್ಮಲ್ಲಿ ಚಳಿಗಾಲದ ಹಗಲು ಹಿತವಾಗಿಯೇ ಇರುತ್ತದೆ; ಮಳೆಗಾಲದ ತೊಂದರೆಗೆ ಮುಖ್ಯ ಕಾರಣ ತೇವ. ಕರೆಂಟು ಪದೇ ಪದೇ ಹೋಗುವುದೂ ಮಳೆಗಾಲದಲ್ಲಿಯೇ, ಇಂಥ ಹೊರೆಯನ್ನು ಮನೆಯ ಇನ್ವರ್ಟರ್ ಹೊರುವುದಿಲ್ಲ. ನೆಲಗಟ್ಟಿನ ಕೆಳಗೆ ತೇವ ತಡೆಯುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ತೇವತಡೆ ಪದರಕ್ಕೆ ಸೇರುವಂತೆ ಹಾಸಿಸಿ, ಅದರ ಮೇಲೆ ಇನ್ಸುಲೇಶನ್ ಹಲಗೆ ಹಾಕಿಸಿ. ಮಲಗುವ ಕೋಣೆಗಳಿಗೆ ಗ್ರಾನೈಟ್ ಬದಲು ಮರದ ನೆಲ ಮಾಡಿಸಿದರೆ ಕಾಲಿಗೆ ಕೊರೆತ ತಟ್ಟುವುದಿಲ್ಲ.