ಪುಣೆಯ ವಾಘೋಲಿಯಂಥ ಬೆಳೆಯುವ ಹೊರವಲಯದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟುವಾಗ ಏನನ್ನು ಮೊದಲೇ ಯೋಚಿಸಬೇಕು?

ಮೊದಲು ದಾರಿಗಳನ್ನು ಬೇರೆ ಮಾಡಿ: ಮನೆಯವರ ಗೇಟು ಪಕ್ಕದ ರಸ್ತೆಗೆ, ಅಂಗಡಿಗಳ ಮುಖ ದೊಡ್ಡ ರಸ್ತೆಗೆ, ಸರಕಿನ ಟೆಂಪೊ ಹಿಂಬದಿಗೆ. ಅಂಗಡಿಗೆ 4 ಮೀಟರ್ ಅಗಲ, 9–10 ಮೀಟರ್ ಆಳ ಸಾಕು. ಇನ್ನೂ ಆಳವಾದರೆ ಹಿಂಭಾಗ ಬರೀ ಕತ್ತಲೆ.

ಹೆಚ್ಚಿನವರು ಎಡವುವುದು ಹೋಟೆಲಿನ ವಿಷಯದಲ್ಲಿ. ನಮ್ಮ ಉಡುಪಿ ಕಡೆಯವರು ಕೆಳಗೆ ದೋಸೆ ಕಾವಲಿ ಕಾಯಿಸಿದರೆ, ಆ ಹೊಗೆ ಮೊದಲ ಮಹಡಿಯ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆಗೆ ಹಿಡಿಯುತ್ತದೆ, ಜಗಳ ಅಲ್ಲಿಂದಲೇ ಶುರು. ಆಮೇಲೆ ಹೊರಗೋಡೆಗೆ ತಗಡಿನ ಕೊಳವೆ ಕಟ್ಟುವ ಬದಲು, ನಕ್ಷೆಯಲ್ಲೇ ಎರಡು ಮೂರು ಮಳಿಗೆಗಳಿಗೆ ತಾರಸಿ ದಾಟುವ ಹೊಗೆನಾಳವನ್ನೂ ಚರಂಡಿಗೆ ಮುಂಚೆ ಜಿಡ್ಡು ತಡೆಯುವ ತೊಟ್ಟಿಯನ್ನೂ ತೋರಿಸಿ. ಉಳಿದ ಮಳಿಗೆಗಳಲ್ಲಿ ಅಡುಗೆ ಕೂಡದೆಂದು ಕರಾರಿನಲ್ಲೇ ಬರೆಯಿರಿ.

ಮಳೆನೀರು ನುಗ್ಗದಂತೆ ಅಂಗಡಿ ನೆಲ ರಸ್ತೆಗಿಂತ 30 ಸೆಂ.ಮೀ. ಎತ್ತರವಿರಲಿ. ಗಾಲಿಕುರ್ಚಿ ಹತ್ತಲು 1:12 ಇಳಿಜಾರಿಗೆ (1 ಪಾಲು ಏರಲು 12 ಪಾಲು ಉದ್ದ) 3.6 ಮೀಟರ್ ಉದ್ದ ಬೇಕು. ಆ ಜಾಗವನ್ನು ಪಾರ್ಕಿಂಗ್ ಗೆರೆ ಎಳೆಯುವ ಮೊದಲೇ ಬಿಡಿ.