ಕೆಲಸವಿಲ್ಲದಾಗ ಮಾತ್ರ ನಿಲ್ಲುವ ಕಂಪ್ಯೂಟರ್

ಪ್ರಶ್ನೆ: 2017ರಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ನನ್ನ ಕಂಪ್ಯೂಟರಿನಲ್ಲಿ ರೈಜನ್ 5 1600 ಪ್ರೊಸೆಸರ್ ಇದೆ. ಪವರ್ ಸಪ್ಲೈಯನ್ನು ಮಾತ್ರ ಹಳೆಯ ಕಂಪ್ಯೂಟರಿನಿಂದ ತೆಗೆದು ಹಾಕಿಕೊಂಡಿದ್ದೆ. ವಿದ್ಯುತ್ ಉಳಿಸೋಣವೆಂದು ಕಳೆದ ತಿಂಗಳು ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ‘ಗ್ಲೋಬಲ್ ಸಿ-ಸ್ಟೇಟ್ ಕಂಟ್ರೋಲ್’ ಆಯ್ಕೆಯನ್ನು ಆನ್ ಮಾಡಿದೆ. ಅಂದಿನಿಂದ, ಊಟಕ್ಕೆಂದು ಎದ್ದು ಹೋಗಿ ಬರುವಷ್ಟರಲ್ಲಿ ಪರದೆ ಹಾಗೆಯೇ ಸ್ತಬ್ಧವಾಗಿರುತ್ತದೆ. ಗಂಟೆಗಟ್ಟಲೆ ವಿಡಿಯೊ ಎಡಿಟಿಂಗ್ ಮಾಡಿದರೂ ಒಮ್ಮೆಯೂ ನಿಂತಿಲ್ಲ. ಪ್ರೊಸೆಸರ್ ಬದಲಿಸಬೇಕೆಂದು ರಿಪೇರಿಯವರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಈಗಲೇ ಪ್ರೊಸೆಸರ್‌ಗೆ ಹಣ ಸುರಿಯಬೇಡಿ. ಭಾರದ ಕೆಲಸ ಮಾಡುವಾಗ ಒಮ್ಮೆಯೂ ನಿಂತಿಲ್ಲ ಎಂದು ನೀವು ಬರೆದಿರುವ ಮಾತಿನಲ್ಲಿಯೇ ರೋಗದ ಸುಳಿವಿದೆ. ಬಿಸಿಯಿಂದ ಕೆಡುವ ಯಂತ್ರ ದುಡಿಯುವಾಗ ನಿಲ್ಲುತ್ತದೆ. ನಿಮ್ಮದು ಬಿಡುವಿನಲ್ಲಿ ನಿಲ್ಲುತ್ತಿದೆ.

ಪ್ರೊಸೆಸರ್‌ನ ನಿದ್ರೆಯ ಹಂತಗಳಿಗೆ ಸಿ-ಸ್ಟೇಟ್ ಎನ್ನುತ್ತಾರೆ. ಸಿ1 ಎಂದರೆ ಬರಿಯ ತೂಕಡಿಕೆ. ಸಿ6 ಹಂತಕ್ಕೆ ಇಳಿದ ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಒಂದು ಘಟಕ) ತನ್ನ ಸ್ಥಿತಿಯನ್ನೆಲ್ಲ ಬೇರೆಡೆ ಉಳಿಸಿಟ್ಟು, ತನಗೆ ಬರುವ ವಿದ್ಯುತ್ತನ್ನೇ ಬಹುತೇಕ ಕಡಿದುಕೊಳ್ಳುತ್ತದೆ. ಎಲ್ಲ ಕೋರ್‌ಗಳೂ ಒಟ್ಟಿಗೆ ಹೀಗೆ ಮಲಗಿದಾಗ ಪ್ರೊಸೆಸರ್ ಎಳೆಯುವ ಕರೆಂಟ್ ಏಕಾಏಕಿ ಅತ್ಯಲ್ಪಕ್ಕೆ ಇಳಿಯುತ್ತದೆ. ಕೆಲವು ಹಳೆಯ ಪವರ್ ಸಪ್ಲೈಗಳು ಇಷ್ಟು ಕಡಿಮೆ ಹೊರೆಯಲ್ಲಿ ವೋಲ್ಟೇಜನ್ನು ಸ್ಥಿರವಾಗಿ ಹಿಡಿದಿಡಲಾರವು. ಇಂಟೆಲ್‌ನ ಹ್ಯಾಸ್ವೆಲ್ ಪ್ರೊಸೆಸರ್‌ಗಳು 2013ರಲ್ಲಿ ಬಂದಾಗಲೂ ಇದೇ ಚರ್ಚೆ ನಡೆದಿತ್ತು: ಅವು ಗಾಢ ನಿದ್ರೆಯಲ್ಲಿ 12 ವೋಲ್ಟಿನ ಸಾಲಿನಿಂದ 0.05 ಆಂಪಿಯರ್‌ನಷ್ಟು ಕಡಿಮೆ ಕರೆಂಟ್ ಎಳೆಯಬಲ್ಲವಾಗಿದ್ದವು, ಆದರೆ ಅಲ್ಲಿಯವರೆಗಿನ ಪವರ್ ಸಪ್ಲೈಗಳನ್ನು ಕನಿಷ್ಠ 0.5 ಆಂಪಿಯರ್ ಹೊರೆ ಇದ್ದೇ ಇರುತ್ತದೆಂಬ ಲೆಕ್ಕದಲ್ಲಿ ರೂಪಿಸಲಾಗುತ್ತಿತ್ತು. ಮೊದಲ ತಲೆಮಾರಿನ ರೈಜನ್‌ಗಳಲ್ಲಿಯೂ ಬಿಡುವಿನಲ್ಲಿ ಸ್ತಬ್ಧವಾಗುವ ದೂರು ಬಹಳ ಜನರಿಂದ ಬಂದಿತ್ತು.

ಹಿಂದೊಮ್ಮೆ ಡಿಟಿಪಿ ಕೆಲಸದ ಒಂದು ಕಂಪ್ಯೂಟರನ್ನು ನಾನು ನೋಡಬೇಕಾಗಿ ಬಂದಿತ್ತು. ಮಧ್ಯಾಹ್ನ ಎರಡಕ್ಕೆ ಮರಳಿ ಬಂದವರಿಗೆ ಪರದೆಯ ಮೂಲೆಯ ಗಡಿಯಾರ 1:17ಕ್ಕೆ ನಿಂತಿರುವುದು ಕಾಣಿಸಿತು. ಅವರು ಎದ್ದು ಹೋದದ್ದು ಒಂದು ಗಂಟೆಗೆ. ನಿಮ್ಮ ಪರದೆಯ ಗಡಿಯಾರವನ್ನೂ ಹೀಗೆಯೇ ಗಮನಿಸಿ, ಪ್ರತಿ ಸಲವೂ ಬರೆದಿಡಿ. ಕೀಬೋರ್ಡಿನ ನಮ್‌ಲಾಕ್ ಒತ್ತಿದಾಗ ದೀಪ ಬದಲಾಗದಿದ್ದರೆ, ನಿಂತಿರುವುದು ಪರದೆಯಷ್ಟೇ ಅಲ್ಲ, ಬಹುಶಃ ಇಡೀ ಯಂತ್ರ ಎಂದು ತಿಳಿಯಿರಿ.

ಮೊದಲು ಒಂದು ಸುಲಭ ಪರೀಕ್ಷೆ. ವಿಂಡೋಸ್‌ನ ಸ್ಲೀಪ್ ಆಯ್ಕೆಯನ್ನು ಆಫ್ ಮಾಡಿ, ಒಂದೇ ಕೋರನ್ನು ನಿರಂತರವಾಗಿ ದುಡಿಸುವ ಸಣ್ಣ ಕೆಲಸವೊಂದನ್ನು, ಉದಾಹರಣೆಗೆ ಫೈಲ್ ಕುಗ್ಗಿಸುವ ತಂತ್ರಾಂಶ ಸೆವೆನ್-ಜಿಪ್‌ನೊಳಗಿನ ಬೆಂಚ್‌ಮಾರ್ಕನ್ನು (ವೇಗದ ಪರೀಕ್ಷೆಯನ್ನು) ಒಂದೇ ಥ್ರೆಡ್‌ಗೆ ಇಳಿಸಿ, ರಾತ್ರಿಯಿಡೀ ಓಡಲು ಬಿಡಿ. ಒಂದು ಕೋರ್ ಎಚ್ಚರವಾಗಿದ್ದರೆ ಇಡೀ ಪ್ರೊಸೆಸರ್ ಗಾಢ ನಿದ್ರೆಗೆ ಜಾರುವುದಿಲ್ಲ. ಹಾಗೆ ಬಿಟ್ಟಾಗ ನಿಲ್ಲದೆ, ಸುಮ್ಮನೆ ಬಿಟ್ಟ ರಾತ್ರಿ ಮಾತ್ರ ನಿಂತರೆ ನಮ್ಮ ಅನುಮಾನ ಬಲವಾಗುತ್ತದೆ.

ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆಯನ್ನೂ ತೆರೆದು ನೋಡಿ. ಅದರಲ್ಲಿ ಬಗ್‌ಚೆಕ್ ಕೋಡ್ (ದೋಷದ ಸಂಖ್ಯೆ) 0 ಎಂದಿದ್ದರೆ, ಕಾರಣ ದಾಖಲಿಸಲೂ ವಿಂಡೋಸ್‌ಗೆ ಸಮಯ ಸಿಕ್ಕಿಲ್ಲ ಎಂದರ್ಥ. ಬೇರೆ ಸಂಖ್ಯೆ ಇದ್ದರೆ ಡ್ರೈವರ್ ಅಥವಾ ರ್‍ಯಾಮ್‌ನ ಕಡೆಗೂ ನೋಡಬೇಕಾಗುತ್ತದೆ.

ಇನ್ನು ಪರಿಹಾರ. ಬಯಾಸ್‌ನ ‘ಎಎಂಡಿ ಸಿಬಿಎಸ್’ ವಿಭಾಗದಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬ ಆಯ್ಕೆಯನ್ನು ಹುಡುಕಿ, ಆಟೋ ಬದಲು ‘ಟಿಪಿಕಲ್ ಕರೆಂಟ್ ಐಡಲ್’ ಎಂದು ಇಡಿ. ಆ ಆಯ್ಕೆ ಕಾಣದಿದ್ದರೆ ಬಯಾಸ್ ಅಪ್‌ಡೇಟ್ ಮಾಡಬೇಕಾದೀತು. ಆ ಕೆಲಸದ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ನಿರುಪಯುಕ್ತವಾಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ ಕೈಹಾಕಬೇಡಿ. ವೋಲ್ಟೇಜನ್ನು ಕೈಯಾರೆ ಇಳಿಸಿದ್ದರೆ ಅದನ್ನು ಮೊದಲೇ ಆಟೋಗೆ ತನ್ನಿ, ಏಕೆಂದರೆ ದುಡಿಯುವಾಗ ಸಾಲುವ ಆ ಕಡಿತ ಬಿಡುವಿನ ಕಡಿಮೆ ವೋಲ್ಟೇಜಿನಲ್ಲಿ ಅತಿಯಾಗಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೂರು-ನಾಲ್ಕು ದಿನ ಕಾಯಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದೇ ಇಲ್ಲ.

ವಿಂಡೋಸ್‌ನ ಪವರ್ ಆಯ್ಕೆಯಲ್ಲಿ ‘ಮಿನಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನು 100ಕ್ಕೆ ಏರಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ಅದು ವೇಗವನ್ನು ಇಳಿಯದಂತೆ ಹಿಡಿಯುತ್ತದೆಯೇ ಹೊರತು ನಿದ್ರೆಯನ್ನು ತಡೆಯುವುದಿಲ್ಲ.

ಉಳಿತಾಯ ಕೈತಪ್ಪೀತೆಂಬ ಚಿಂತೆಯೂ ಬೇಡ. ‘ಟಿಪಿಕಲ್ ಕರೆಂಟ್ ಐಡಲ್’ ಬದಲಾವಣೆಯಿಂದ 5 ವ್ಯಾಟ್ ಹೆಚ್ಚು ಖರ್ಚಾಯಿತೆಂದೇ ಇಟ್ಟುಕೊಂಡರೂ, ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ ಒಂದೂವರೆ ಯೂನಿಟ್. ಇಷ್ಟಾದರೂ ನಿಲ್ಲುವುದು ತಪ್ಪದಿದ್ದರೆ, ಪರಿಚಿತರಿಂದ ಹೊಸ ಪವರ್ ಸಪ್ಲೈಯೊಂದನ್ನು ಎರಡು ದಿನಕ್ಕೆ ಎರವಲು ತಂದು ಜೋಡಿಸಿ ನೋಡಿ. ಪ್ರೊಸೆಸರ್‌ನ ಮೇಲೆ ಅನುಮಾನ ಪಡುವುದು ಅದಾದ ಮೇಲಿನ ಮಾತು.

ಪ್ರಶ್ನೆ: ಲಿನಕ್ಸ್ ಹಾಕಿರುವ ನನ್ನ ಸೆಲೆರಾನ್ ಎನ್2840 ಲ್ಯಾಪ್‌ಟಾಪ್ ಕೂಡ ಆಗಾಗ ಸ್ತಬ್ಧವಾಗುತ್ತದೆ. ಕಾರಣ ಇದೇ ಇರಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೂಲ ಬೇರೆ, ಆದರೆ ಎಡವುವುದು ನಿದ್ರೆಯ ಹಂತದಲ್ಲಿಯೇ. ಬೇ ಟ್ರೇಲ್ ಬಳಗದ ಈ ಪ್ರೊಸೆಸರ್‌ಗಳು ಲಿನಕ್ಸ್‌ನಲ್ಲಿ ಹೀಗೆ ನಿಲ್ಲುವುದು ವರ್ಷಗಳ ಕಾಲ ದೊಡ್ಡ ತಲೆನೋವಾಗಿತ್ತು. ಮೊದಲು ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಹೊಸದಕ್ಕೆ ಅಪ್‌ಡೇಟ್ ಮಾಡಿ. ಸರಿಹೋಗದಿದ್ದರೆ, ಲಿನಕ್ಸನ್ನು ಶುರುಮಾಡುವ ಗ್ರಬ್‌ನ ಆದೇಶದ ಸಾಲಿನಲ್ಲಿ ಇಂಟೆಲ್ ಐಡಲ್‌ನ ಮ್ಯಾಕ್ಸ್ ಸಿ-ಸ್ಟೇಟ್ (intel_idle.max_cstate) ಮೌಲ್ಯವನ್ನು 1ಕ್ಕೆ ಇಳಿಸಿ. ಬ್ಯಾಟರಿ ಮೊದಲಿಗಿಂತ ಬೇಗ ಖಾಲಿಯಾಗುತ್ತದೆ, ಹಾಗಾಗಿ ಇದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ.