ಗುಡ್ಡದ ಜಲ್ಲಿದಾರಿಯಲ್ಲಿ ಸೈಕಲ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಗ್ರಾವೆಲ್ ಬೈಕಿಗೆ (ಜಲ್ಲಿದಾರಿಯ ಸೈಕಲ್) 40 ಮಿ.ಮೀ. ಅಗಲದ ಟೈರುಗಳಿವೆ, ಒಳಗೆ ಟ್ಯೂಬು. ಟೈರಿನ ಪಕ್ಕದಲ್ಲಿ ಗರಿಷ್ಠ 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಬರೆದಿದೆ, ನಾನು 55 ಹಾಕುತ್ತೇನೆ. ಜಲ್ಲಿಯ ಏರಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ, ಇಳಿಯುವಾಗ ಕೈ ಜೋಮು ಹಿಡಿಯುತ್ತದೆ. ನನ್ನ ತೂಕ 72 ಕೆ.ಜಿ. ಬೇರೆ ಟೈರು ಕೊಳ್ಳಬೇಕೇ?

ಉತ್ತರ: ಬೇಡ, ಮೊದಲು ಗಾಳಿ ಇಳಿಸಿ. 70 ಎಂಬುದು ಆ ಟೈರು ತಡೆಯಬಲ್ಲ ಮಿತಿ, ಹಾಕಬೇಕಾದ ಪ್ರಮಾಣವಲ್ಲ. ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ. ಗಟ್ಟಿ ಟೈರು ಪ್ರತಿ ಕಲ್ಲಿನ ಮೇಲೂ ಪುಟಿಯುತ್ತದೆ. ಪುಟಿದಷ್ಟು ಹೊತ್ತು ಚಕ್ರಕ್ಕೆ ನೆಲದ ಹಿಡಿತವಿಲ್ಲ. ಆ ಕ್ಷಣದಲ್ಲಿ ಪೆಡಲು ಒತ್ತಿದರೆ ಚಕ್ರ ಸುಮ್ಮನೆ ಸುತ್ತುತ್ತದೆ. ಅದೇ ಪುಟಿತ ಹ್ಯಾಂಡಲಿನ ಮೂಲಕ ಅಂಗೈಗೂ ಬರುತ್ತದೆ. ಗಾಳಿ ಕಡಿಮೆಯಿದ್ದರೆ ಟೈರು ಕಲ್ಲಿನ ಆಕಾರಕ್ಕೆ ಬಗ್ಗಿ, ಅದನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ಟೈರು ಗಟ್ಟಿಯಿದ್ದಷ್ಟೂ ವೇಗ ಹೆಚ್ಚು ಎಂಬ ನಂಬಿಕೆ ನುಣುಪಾದ ಡಾಂಬರಿಗೆ ಒಂದು ಮಟ್ಟಿಗೆ ಸಲ್ಲಬಹುದು. ಜಲ್ಲಿಯಲ್ಲಿ ಸೈಕಲನ್ನೂ ಸವಾರರನ್ನೂ ಮತ್ತೆ ಮತ್ತೆ ಮೇಲೆತ್ತುವುದಕ್ಕೇ ಶಕ್ತಿ ಸೋರಿಹೋಗುತ್ತದೆ.

ನಿಮ್ಮ ತೂಕಕ್ಕೆ ಮುಂದೆ 36, ಹಿಂದೆ 40 ಪಿಎಸ್‌ಐನಿಂದ ಶುರು ಮಾಡಿ. ಟ್ಯೂಬ್‌ಲೆಸ್ ಆಗಿದ್ದರೆ ಮುಂದೆ 30, ಹಿಂದೆ 33 ಸಾಕು. ಆಮೇಲೆ ಏರು, ಇಳಿಜಾರು, ತಿರುವು ಮೂರೂ ಇರುವ ಒಂದು ಕಿಲೋಮೀಟರ್ ದಾರಿ ಆರಿಸಿಕೊಂಡು, ಪ್ರತಿ ಸುತ್ತಿಗೂ 2 ಪಿಎಸ್‌ಐ ಇಳಿಸುತ್ತಾ ಅದನ್ನೇ ಮತ್ತೆ ಓಡಿಸಿ. ಕಲ್ಲಿಗೆ ರಿಮ್ ‘ಠಣ್’ ಎಂದು ಬಡಿದರೆ, ಅಥವಾ ತಿರುವಿನಲ್ಲಿ ಟೈರು ಪಕ್ಕಕ್ಕೆ ವಾಲಿದಂತೆ ಅನಿಸಿದರೆ ಮಿತಿ ದಾಟಿದಿರಿ ಎಂದರ್ಥ. ಅಲ್ಲಿಂದ 2 ಪಿಎಸ್‌ಐ ಮೇಲಕ್ಕೆ ಬಂದು ನಿಲ್ಲಿ. ಟ್ಯೂಬಿದ್ದಾಗ ಇನ್ನೊಂದು ಗುರುತೂ ಇದೆ: ಪಂಕ್ಚರಾದ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಸೀಳು ಕಂಡರೆ ಅದು ಮುಳ್ಳಿನದಲ್ಲ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿಕೊಂಡದ್ದು. ಗಾಳಿ ತೀರಾ ಕಡಿಮೆಯಾಗಿತ್ತು. ಸಾಮಾನು ಹೇರಿದ ದಿನ ಹಿಂದಿನ ಚಕ್ರಕ್ಕೆ 2–3 ಹೆಚ್ಚು ಹಾಕಿ. ಅನೇಕ ನೆಲಪಂಪುಗಳ ಮಾಪಕದ ಮುಳ್ಳು ಇಷ್ಟು ಕೆಳಗಿನ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ, ಹಾಗಾಗಿ ಬೇರೆಯೇ ಒಂದು ಡಿಜಿಟಲ್ ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೂ ಏರಿನಲ್ಲಿ ಚಕ್ರ ಜಾರಿದರೆ ಕೂರುವ ರೀತಿ ನೋಡಿಕೊಳ್ಳಿ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗುತ್ತದೆ. ಸೀಟು ಬಿಡಬೇಡಿ. ಅದರ ಮುಂತುದಿಗೆ ಸರಿದು, ಮೊಣಕೈ ಮಡಿಸಿ ಎದೆ ತಗ್ಗಿಸಿ. ಜೋಮು ಕಿರುಬೆರಳು, ಉಂಗುರದ ಬೆರಳುಗಳಲ್ಲಿದ್ದರೆ ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ನರ ಒತ್ತುತ್ತಿದೆ ಎಂದು ತಿಳಿಯಿರಿ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ದೇಹದ ಭಾರವೆಲ್ಲ ಕೈಗೆ ಬೀಳುತ್ತದೆ, ಮಟ್ಟ ಮಾಡಿ. ಹ್ಯಾಂಡಲ್ ಮೇಲೆ ಕೈ ಇಡುವ ಜಾಗವನ್ನು ಆಗಾಗ ಬದಲಿಸಿ. ಇಳಿದ ಮೇಲೂ ಜೋಮು ದಿನಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಟ್ಯೂಬ್‌ಲೆಸ್ ಮಾಡಿಸಿದರೆ ಬಿಡಿ ಟ್ಯೂಬು ಒಯ್ಯುವ ಅಗತ್ಯವಿಲ್ಲವೇ?

ಉತ್ತರ: ಇದೆ. 40 ಮಿ.ಮೀ. ಟೈರಿಗೆ 60–80 ಮಿ.ಲೀ. ಸೀಲೆಂಟ್ ಹಾಕಿದರೆ ಮುಳ್ಳಿನ ತೂತುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಸ್ವಲ್ಪ ದೊಡ್ಡ ತೂತಿಗೆ ರಬ್ಬರ್ ಪ್ಲಗ್ ತುರುಕಬೇಕು. ಟೈರಿನ ಪಕ್ಕದ ಗೋಡೆಯನ್ನು ಚೂಪು ಕಲ್ಲು ಸೀಳಿದರೆ ಎರಡೂ ಸಾಲುವುದಿಲ್ಲ. ಒಳಗಿನಿಂದ ಹಳೆ ಟೈರಿನ ತುಂಡೊಂದನ್ನು ಅಡ್ಡ ಕೊಟ್ಟು ಟ್ಯೂಬು ಹಾಕಲೇಬೇಕು.

ಹಾಗೆ ಟ್ಯೂಬು ಹಾಕುವ ಮುನ್ನ ಟೈರಿನ ಒಳಮೈಯನ್ನು ಪೂರ್ತಿ ತಡವಿ. ಸೀಲೆಂಟ್ ಮುಚ್ಚಿಟ್ಟ ಹಳೆಯ ಮುಳ್ಳುಗಳು ಅಲ್ಲೇ ಮೊನೆ ಚಾಚಿಕೊಂಡಿರುತ್ತವೆ. ಇಷ್ಟು ದಿನ ತೊಂದರೆ ಕೊಡದೆ ಇದ್ದವು ಹೊಸ ಟ್ಯೂಬನ್ನು ಹತ್ತು ನಿಮಿಷದಲ್ಲಿ ಚುಚ್ಚುತ್ತವೆ. ಬರಿಬೆರಳಿಗಿಂತ ಬಟ್ಟೆ ಸುತ್ತಿದ ಬೆರಳು ಒಳ್ಳೆಯದು, ಮೊನೆಗೆ ಎಳೆ ಸಿಕ್ಕಿಕೊಂಡು ಜಾಗ ತಿಳಿಯುತ್ತದೆ. ವಾಲ್ವಿನ ನಟ್ಟನ್ನು ಮನೆಯಲ್ಲಿ ಇಕ್ಕಳದಿಂದ ಬಿಗಿಯಬೇಡಿ, ದಾರಿಯಲ್ಲಿ ಬರಿಗೈಯಲ್ಲಿ ಬಿಚ್ಚಬೇಕಾದದ್ದು ಅದು. ಸೀಲೆಂಟ್ ಎರಡರಿಂದ ನಾಲ್ಕು ತಿಂಗಳಲ್ಲಿ ಒಣಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಚಕ್ರ ಕಿವಿಯ ಬಳಿ ಹಿಡಿದು ಅಲುಗಿಸಿ. ದ್ರವ ಕುಲುಕುವ ಸದ್ದು ಬರದಿದ್ದರೆ ಮತ್ತೆ ಹಾಕುವ ಸಮಯವಾಗಿದೆ.

ಪ್ರಶ್ನೆ: ವಾಹನಗಳಿಲ್ಲದ ಗುಡ್ಡದ ದಾರಿಗಳನ್ನು ನಕ್ಷೆಯಲ್ಲಿ ಹುಡುಕುವುದು ಹೇಗೆ? ಆ್ಯಪ್ ತೋರಿಸಿದ ದಾರಿ ಪೊದೆಗೆ ಹೋಗಿ ನಿಂತಿತು.

ಉತ್ತರ: ಆ್ಯಪ್ ಗೆರೆಯನ್ನಷ್ಟೇ ನೋಡಿ ದಾರಿ ಜೋಡಿಸುತ್ತದೆ. ಆ ಗೆರೆ ಎಂಥ ನೆಲ ಎಂದು ನೀವೇ ಓದಬೇಕು. ಬಳಕೆದಾರರೇ ಸೇರಿ ಮಾಡುವ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೊಲ–ಕಾಡಿನ ದಾರಿಗಳಿಗೆ ‘ಟ್ರ್ಯಾಕ್’ ಎಂಬ ಗುರುತೂ, ಅದರೊಳಗೆ ಗ್ರೇಡ್ 1ರಿಂದ 5ರವರೆಗಿನ ದರ್ಜೆಯೂ ಇದೆ. 1 ಎಂದರೆ ಗಟ್ಟಿ ನೆಲ, ಹೆಚ್ಚಾಗಿ ಡಾಂಬರು ಅಥವಾ ಚೆನ್ನಾಗಿ ದಮ್ಮಸು ಮಾಡಿದ್ದು. 5 ಎಂದರೆ ಮೆತ್ತನೆ ಮಣ್ಣು, ಹುಲ್ಲು. ಗ್ರಾವೆಲ್ ಬೈಕಿಗೆ 2 ಮತ್ತು 3 ಹೇಳಿ ಮಾಡಿಸಿದ್ದು. 4 ಒಣ ದಿನಕ್ಕೆ ಸರಿ. ದರ್ಜೆಯೇ ಇಲ್ಲದ ಗೆರೆಯನ್ನು ಉಪಗ್ರಹ ಚಿತ್ರದ ಜೊತೆ ಹೋಲಿಸಿ. ಎರಡು ಗಾಲಿಯಚ್ಚು ಬೇರೆ ಬೇರೆಯಾಗಿ ಕಂಡರೆ ದಾರಿ ಬಳಕೆಯಲ್ಲಿದೆ. ಮರದ ನೆರಳಿನಲ್ಲಿ ಗೆರೆ ಮಾಯವಾದರೆ, ಅದು ತುಂಡಾದೀತೆಂದೇ ಲೆಕ್ಕ ಹಾಕಿ ಬದಲಿ ದಾರಿ ಗುರುತಿಸಿಕೊಳ್ಳಿ.

ಕಾಲುವೆಯ ಏರಿ, ಅರಣ್ಯ ಇಲಾಖೆಗಳ ಸೇವಾ ರಸ್ತೆ, ಕಿತ್ತುಹಾಕಿದ ರೈಲು ಹಾದಿ ಇವೆಲ್ಲ ವಾಹನ ಕಡಿಮೆಯಿರುವ ಜಾಗಗಳು. ಪ್ರವೇಶಕ್ಕೆ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಗುಡ್ಡಗಾಡಿಗೆ ಹೊಸಬರಾಗಿದ್ದರೆ ನಮ್ಮ ಮೊದಲ ಆಯ್ಕೆ ರೈಲು ಹಾದಿ. ಕಡಿದಾದ ಏರು ರೈಲಿಗೆ ಆಗದು, ಹಾಗಾಗಿ ಗುಡ್ಡವನ್ನು ಸೀಳಿಯೋ ಬಳಸಿಯೋ ಹೋದ ಆ ಹಾದಿಯ ಏರು ಸಾಮಾನ್ಯವಾಗಿ ಶೇ. 2–3ರ ಒಳಗೇ ಇರುತ್ತದೆ. ಸುರಂಗವಿದ್ದರೆ ದೀಪ ಬೇಕು.

ಏರಿನ ಸರಾಸರಿ ಅಂಕಿಗೆ ಮೋಸಹೋಗಬೇಡಿ. ಎರಡು ಕಿಲೋಮೀಟರಿಗೆ 100 ಮೀಟರ್ ಏರಿದರೆ ಸರಾಸರಿ ಶೇ. 5, ಕೇಳಲು ಸುಲಭ. ಆದರೆ ಅದರೊಳಗೆ 300 ಮೀಟರ್ ದೂರ ಶೇ. 15ರ ಏರು ಅಡಗಿದ್ದು, ಉಳಿದದ್ದು ಶೇ. 3ರ ಆಸುಪಾಸಿನಲ್ಲಿರಬಹುದು. ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಎಲ್ಲಿ ಒತ್ತೊತ್ತಾಗಿವೆ ನೋಡಿ. ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇರುವ ನಕ್ಷೆಯಲ್ಲಿ ಅರ್ಧ ಕಿಲೋಮೀಟರಿಗೆ ಮೂರು ರೇಖೆ ದಾಟಿದರೆ ಶೇ. 12. ಸಡಿಲ ಜಲ್ಲಿಯಲ್ಲಿ ಅದಕ್ಕಿಂತ ಹೆಚ್ಚಾದರೆ ಬಹುತೇಕರು ಇಳಿದು ತಳ್ಳುತ್ತಾರೆ. ಸಡಿಲವಾದ, ಕಡಿದಾದ ಭಾಗವನ್ನು ಏರುವ ದಿಕ್ಕಿಗೆ ಬರುವಂತೆ ಸುತ್ತು ಹಾಕಿಕೊಳ್ಳಿ. ತಳ್ಳಿಕೊಂಡು ಹತ್ತುವುದರಿಂದ ಸಮಯ ಹೋಗುತ್ತದೆ, ಅಷ್ಟೆ. ಜಾರಿಕೊಂಡು ಇಳಿದರೆ ಮೂಳೆ ಹೋಗುತ್ತದೆ.

ಸಮಯಕ್ಕೆ ಒಂದು ಲೆಕ್ಕ: 15 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. 45 ಕಿ.ಮೀ. ದೂರ, 900 ಮೀಟರ್ ಏರಿನ ಸುತ್ತಿಗೆ ನಾಲ್ಕೂವರೆ ಗಂಟೆಯಾಯಿತು. ವಿಶ್ರಾಂತಿ ಇದರಲ್ಲಿ ಸೇರಿಲ್ಲ.

ಪ್ರಶ್ನೆ: ನನ್ನ ಬೈಕಿಗೆ ಮುಂದೆ 42 ಹಲ್ಲಿನ ಒಂದೇ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಗಾಲಿ), ಹಿಂದೆ 11–34 ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಚ್ಛ). ಶೇ. 10ರ ಏರಿನಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ. ತಾಲೀಮು ಸಾಲದೇ?

ಉತ್ತರ: ಗೇರ್ ಸಾಲದು. 42ನ್ನು 34ರಿಂದ ಭಾಗಿಸಿದರೆ 1.24, ಅಂದರೆ ಪೆಡಲಿನ ಒಂದು ಸುತ್ತಿಗೆ ಹಿಂದಿನ ಚಕ್ರ 1.24 ಸುತ್ತು. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಸುಮಾರು 10 ಕಿ.ಮೀ. ವೇಗ ಬೇಕಾಗುತ್ತದೆ. ಸವಾರ, ಸೈಕಲ್ ಸೇರಿ 85 ಕೆ.ಜಿ. ಇದ್ದರೆ ಜಲ್ಲಿಯಲ್ಲಿ ಆ ಏರಿಗೆ ಸುಮಾರು 250 ವ್ಯಾಟ್. ಹೆಚ್ಚಿನವರಿಗೆ ಇದನ್ನು ಕೆಲವೇ ನಿಮಿಷ ತಡೆದುಕೊಳ್ಳಲಾದೀತು. ಮುಂದೆ 40, ಹಿಂದೆ 42 ಇದ್ದರೆ ಅದೇ ಏರನ್ನು ಗಂಟೆಗೆ ಏಳೂವರೆ ಕಿಲೋಮೀಟರಿನಲ್ಲಿ, 200 ವ್ಯಾಟಿನೊಳಗೆ ಹತ್ತಬಹುದು. ಗುಡ್ಡದ ದಾರಿಗೆ ಅತಿ ಹಗುರ ಗೇರ್ 1ಕ್ಕಿಂತ ಕೆಳಗಿರಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬದಲಿಸುವ ಮುನ್ನ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) 42 ಹಲ್ಲು ತಡೆಯುತ್ತದೆಯೇ ಎಂದು ಅದರ ಮಾದರಿಯ ವಿವರ ನೋಡಿ. ಹಳೆಯ ಚೈನನ್ನೇ ಉಳಿಸಿಕೊಳ್ಳಬೇಡಿ. ದೊಡ್ಡ ಕ್ಯಾಸೆಟ್ಟಿಗೆ ಅದು ಗಿಡ್ಡವಾಗುತ್ತದೆ. ಅತಿ ದೊಡ್ಡ ಹಲ್ಲುಗಾಲಿಗೆ ಗೇರ್ ಹಾಕಿದಾಗ ಡಿರೇಲರನ್ನು ಮುಂದಕ್ಕೆ ಜಗ್ಗಿ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಬಹುದು.

ಪ್ರಶ್ನೆ: ಇಳಿಜಾರಿನ ತಿರುವುಗಳಲ್ಲಿ ಮುಂದಿನ ಚಕ್ರ ಜಾರುತ್ತದೆ. ಬ್ರೇಕ್ ಹಿಡಿದಷ್ಟೂ ಹೆಚ್ಚು ಜಾರುತ್ತದೆ.

ಉತ್ತರ: ತಿರುವಿನೊಳಗೆ ಬ್ರೇಕ್ ಹಿಡಿಯುತ್ತಿದ್ದೀರಿ, ಅದೇ ಕಾರಣ. ಟೈರಿಗೆ ಇರುವ ಹಿಡಿತ ಒಂದೇ. ಅದನ್ನು ತಿರುಗುವುದಕ್ಕೂ ನಿಲ್ಲಿಸುವುದಕ್ಕೂ ಹಂಚಿದರೆ ಎರಡಕ್ಕೂ ಸಾಲದು. ದಾರಿ ನೇರವಿರುವಾಗಲೇ ವೇಗ ಇಳಿಸಿ, ತಿರುವಿಗೆ ಬಾಗುವ ಮುನ್ನ ಬ್ರೇಕ್ ಸಡಿಲಿಸಿ. ಹೊರಬದಿಯ ಪಾದವನ್ನು ಪೂರ್ತಿ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ. ಕೈಗಳು ಹ್ಯಾಂಡಲಿನ ಕೆಳಬಾಗಿನಲ್ಲಿರಲಿ. ಅಲ್ಲಿಂದ ಒಂದೇ ಬೆರಳಿಗೆ ಬ್ರೇಕ್ ಸಿಗುತ್ತದೆ, ಉಳಿದ ಬೆರಳು ಹಿಡಿತಕ್ಕೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆಗಿರಲಿ. ವಾಹನದ ಗಾಲಿಗಳು ಹಾದು ಗಟ್ಟಿಯಾದ ಎರಡು ಪಟ್ಟಿಗಳ ಮೇಲೆಯೇ ಇರಿ. ನಡುವೆಯೂ ಹೊರ ಅಂಚಿನಲ್ಲೂ ಸಡಿಲ ಕಲ್ಲು ಗುಡ್ಡೆಯಾಗಿರುತ್ತದೆ.

ಉದ್ದದ ಇಳಿಜಾರಿನಲ್ಲಿ ಸಣ್ಣಗೆ ಬ್ರೇಕ್ ಎಳೆದುಕೊಂಡೇ ಇರಬೇಡಿ. ಗಟ್ಟಿಯಾಗಿ ಹಿಡಿದು, ಬಿಟ್ಟು, ಡಿಸ್ಕ್ ತಣಿಯಲು ಅವಕಾಶ ಕೊಡಿ. ಪ್ಯಾಡಿನ ಉಜ್ಜುವ ಪದರ ಅರ್ಧ ಮಿಲಿಮೀಟರಿಗೆ ಬಂದರೆ ಬದಲಿಸಿ. ಕೆಸರು ಮರಳಿನ ಒಂದೇ ದಿನದಲ್ಲಿ ಅದು ಗಮನಕ್ಕೆ ಬರುವಷ್ಟು ಸವೆಯಬಲ್ಲದು, ಹಾಗಾಗಿ ಮಳೆಯಲ್ಲಿ ಓಡಿಸಿ ಬಂದ ಪ್ರತಿ ಸಲವೂ ನೋಡಿ.

ಪ್ರಶ್ನೆ: ನೆಟ್‌ವರ್ಕ್ ಇಲ್ಲದ ಕಡೆ ಹೋಗುವಾಗ ಕನಿಷ್ಠ ಏನೇನು ಒಯ್ಯಬೇಕು?

ಉತ್ತರ: ಟ್ಯೂಬು, ಪ್ಲಗ್, ಪಂಪು, ಟೈರ್ ಲಿವರ್, ಚೈನ್ ಕತ್ತರಿಸುವ ಉಪಕರಣವಿರುವ ಮಲ್ಟಿಟೂಲ್, ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್ (ಚೈನಿನ ತುದಿಗಳನ್ನು ಕೂಡಿಸುವ ಕೊಂಡಿ). ಇವುಗಳ ಜೊತೆ ನಿಮ್ಮ ಫ್ರೇಮಿನದೇ ಬಿಡಿ ಹ್ಯಾಂಗರ್. ಫ್ರೇಮಿನಿಂದ ಫ್ರೇಮಿಗೆ ಇದರ ಆಕಾರ ಬೇರೆ, ಇನ್ನೊಬ್ಬರದು ನಿಮಗೆ ಕೂರದು. ಡಿರೇಲರೇ ಮುರಿದರೆ ಅದನ್ನು ಬಿಚ್ಚಿ, ಚೈನನ್ನು ಗಿಡ್ಡ ಮಾಡಿ, ಕ್ಯಾಸೆಟ್ಟಿನ ನಡುವಿನ ಒಂದೇ ಹಲ್ಲುಗಾಲಿಗೆ ನೇರವಾಗಿ ಜೋಡಿಸಿ ನಿಧಾನಕ್ಕೆ ಬರಬಹುದು. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯವರಿಗೆ ಹೇಳಿ ಹೊರಡಿ.

ಪ್ರಶ್ನೆ: ದಾರಿಯಲ್ಲಿ ನಡೆಯುವವರು, ದನಕರುಗಳು ಎದುರಾದರೆ?

ಉತ್ತರ: ನಡೆಯುವವರಿಗೆ 30 ಮೀಟರ್ ದೂರದಿಂದಲೇ ಬೆಲ್ ಮಾಡಿ, ಅವರು ತಿರುಗಿ ನೋಡಿದ ಮೇಲೆ ನಡಿಗೆಯ ವೇಗದಲ್ಲಿ ದಾಟಿ. ದನ, ಕುದುರೆಗಳ ಹತ್ತಿರ ಬೆಲ್ ಬೇಡ, ಮೆಲ್ಲಗೆ ಮಾತಾಡುತ್ತಾ ಹೋಗಿ. ಮನುಷ್ಯರ ದನಿ ಕೇಳಿದರೆ ಬೆದರುವುದು ಕಡಿಮೆ. ತಾಯಿಗೂ ಕರುವಿಗೂ ನಡುವೆ ಮಾತ್ರ ಎಂದೂ ನುಗ್ಗಬೇಡಿ, ಇಳಿದು ನಿಂತು ಅವು ಒಂದು ಬದಿಗೆ ಸೇರುವ ತನಕ ಕಾಯಿರಿ. ದಾರಿಗಡ್ಡ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ದನಗಳು ನೀರಿಗೆ ಹೋಗಲೆಂದು ಅದನ್ನು ತೆರೆದಿಟ್ಟಿರಬಹುದು.